ಅರಮನೆಯ ಅಂಗಳದಲ್ಲಿ ಛಾಯಾಚಿತ್ರ

ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಮಹಾಜನರು ರಜೆಯ ದಿನಗಳಲ್ಲಿ ಹಂಪೆಗೆ ಹೋಗಿ ವಿಜಯನಗರದ ಅರಸರ ಅರಮನೆಯ ಆವರಣವನ್ನು ನೋಡಿ ಬರುವ ಪರಿಪಾಠವು ಬೆಳೆದಿರುವುದು ಸಂತೋಷದ ಸಂಗತಿಯೇ ಸರಿ. ಈಗ ಪ್ರತಿಯೊಬ್ಬರ ಕೈಯಲ್ಲಿಯೂ ಛಾಯಾಚಿತ್ರ ತೆಗೆಯುವ ಸಾಧನವುಂಟು. ಆದರೆ ಕಮಲ ಮಹಲಿನ ಮುಂದೆ ತೆಗೆದ ಪಟಗಳಲ್ಲಿ ಕಾಣುವುದು ನೋಡಹೋದವರ ಮುಖವೇ ಹೊರತು ನೋಡಬೇಕಾದ ಅರಮನೆಯಲ್ಲ. ಇದು ಉಚಿತವೆ ಎಂದು ನಾವು ಕೇಳಬಯಸುತ್ತೇವೆ.

1565ರ ರಕ್ಕಸತಂಗಡಿಯ ಯುದ್ಧದ ತರುವಾಯ ಆ ರಾಜಧಾನಿಯು ಹಾಳಾಯಿತು. ಅರಸರ ನಿವಾಸಗಳ ಮರದ ಮೇಲ್ಕಟ್ಟಡಗಳು ನಾಶವಾಗಿ ಕಲ್ಲಿನ ಜಗತಿಗಳು ಮಾತ್ರ ಉಳಿದವು. ಇಟ್ಟಿಗೆ ಗಾರೆಗಳ ಕಮಲ ಮಹಲು ನಿಂತಿತು. ಅದೇ ಆವರಣದಲ್ಲಿ ರಾಣಿಯ ಅರಮನೆಯೆಂದು ಹೆಸರಾದ ವಿಶಾಲವಾದ ಜಗತಿಯೊಂದಿದೆ. ಅದರತ್ತ ತಿರುಗಿ ನೋಡುವವರು ವಿರಳ. ಸುತ್ತಣ ಹುಲ್ಲುಹಾಸನ್ನು ರಾಯರ ಉದ್ಯಾನವೆಂದು ಅನೇಕರು ಭ್ರಮಿಸುವರು. ಅದು ನಮ್ಮ ಕಾಲದ್ದು. 1443ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಕೋಟೆಯ ಸುತ್ತುಗಳ ನಡುವೆ ಹೊಲಗಳನ್ನೂ ತೋಟಗಳನ್ನೂ ಕಂಡುದಾಗಿ ಬರೆದಿರುವನು. ಅರಸರ ಕಾಲದ ತುರ್ತು ಕಾಲುವೆಯು ಇಂದಿಗೂ ಹರಿದು ಬಾಳೆಯ ತೋಟಗಳಿಗೆ ನೀರುಣಿಸುತ್ತಿದೆ. ರಾಯರ ತೋಟದ ಪಟವನ್ನು ಬಯಸುವವರು ಆ ಕಾಲುವೆಯ ದಂಡೆಗೆ ಹೋಗಲಿ.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಆಂಗ್ಲ ಸೈನ್ಯಾಧಿಕಾರಿಯು ಮೇಣ ಬಳಿದ ಕಾಗದದ ಮೇಲೆ ಹಂಪೆಯ ಚಿತ್ರಗಳನ್ನು ತೆಗೆದನು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದಿತ್ತೆಂಬುದಕ್ಕೆ ಆ ಚಿತ್ರವೇ ಸಾಕ್ಷಿ. ಇಂದು ಆ ಶಿಖರವಿಲ್ಲ. ಆತನು ರಥವನ್ನು ಮರೆಮಾಡಿ ತನ್ನ ಮುಖವನ್ನೇ ಚಿತ್ರಿಸಿಕೊಂಡಿದ್ದರೆ ನಮಗೇನು ಉಳಿಯುತ್ತಿದ್ದಿತು? ಪರದೇಶದ ಸಿಪಾಯಿಯು ಮಾಡಿದ ಕಾರ್ಯವನ್ನು ಈ ನಾಡಿನ ಮಕ್ಕಳು ಮಾಡಲಾರರೆ?

ಚಿತ್ರದ ಹುಚ್ಚು ಎಲ್ಲಿಗೆ ಮುಟ್ಟೀತೆಂಬುದನ್ನೂ ಕಂಡಿದ್ದೇವೆ. ಗಜಶಾಲೆಯ ಬಳಿಯ ದೇಗುಲದ ಕಂಬವನ್ನು ಯುವಕರು ಉರುಳಿಸುವ ಚಲಚ್ಚಿತ್ರವು 2019ರಲ್ಲಿ ದೇಶವೆಲ್ಲ ಹರಡಿತು. ನ್ಯಾಯಾಲಯವು ಅವರಿಗೆ ತಲಾ 70,000 ರೂಪಾಯಿಗಳ ದಂಡ ವಿಧಿಸಿತು. ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸಲಾಯಿತು. ದಂಡದ ಭಯಕ್ಕಿಂತ ಸ್ವಂತದ್ದೆಂಬ ಅಭಿಮಾನವೇ ಗಟ್ಟಿಯಾದ ಕಾವಲು.

2021ರಲ್ಲಿ ವಿಜಯನಗರವು ಬೇರೆ ಜಿಲ್ಲೆಯಾದ ಮಾತ್ರಕ್ಕೆ ಈ ಹೊಣೆಯು ಬಳ್ಳಾರಿಯವರಿಗೆ ತಪ್ಪಲಿಲ್ಲ. ಮೇಲಾಗಿ ಬಳ್ಳಾರಿಯ ಗುಡ್ಡದ ಕೋಟೆಯೂ ಸಿಂದ ಅರಸರ ರಾಜಧಾನಿಯಾಗಿದ್ದ ಕುರುಗೋಡಿನ ಕೋಟೆಯೂ ನಮ್ಮ ಮನೆಬಾಗಿಲಲ್ಲಿವೆ. ಉಪಾಧ್ಯಾಯರು ವಿದ್ಯಾರ್ಥಿಗಳನ್ನು ಕರೆದೊಯ್ದು, ಪ್ರತಿ ಗೋಡೆಯ, ಪ್ರತಿ ಶಾಸನದ ಪಟವನ್ನು ತೆಗೆಸಿ, ದಿನಾಂಕ ಬರೆಯಿಸಿ ಶಾಲೆಯಲ್ಲಿ ಕಾಪಿಡಲಿ. ಪ್ರಾಚ್ಯವಸ್ತು ಇಲಾಖೆಯ ಅಧಿಕಾರಿಗಳು ಹಳೆಯದಾವುದು, ಹೊಸದಾವುದು ಎಂಬುದನ್ನು ಸ್ಥಳದಲ್ಲಿಯೇ ತಿಳಿಗನ್ನಡದಲ್ಲಿ ಬರೆಯಿಸಲಿ. ನಾಳೆ ಒಂದು ಕಲ್ಲು ಕಾಣೆಯಾದರೆ ಅದು ಎಲ್ಲಿತ್ತೆಂದು ಹೇಳಲು ನಮ್ಮವರ ಬಳಿಯಲ್ಲಿಯೇ ಸಾಕ್ಷಿಯಿರಬೇಕು.