ಚೀಟಿ ಮಡಚಿದ ಮೇಲೆ

ಮೊನ್ನೆ ನಮ್ಮ ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ ನಾನು ಹಿಂದಿನ ಬೆಂಚಿನ ಕೇಳುಗ. ವಿಷಯ: 371ಜೆ ಮತ್ತು ನಮ್ಮ ಭಾಗ. ಮೊದಲ ನಾಲ್ವರು ಹೆಚ್ಚುಕಡಿಮೆ ಒಂದನ್ನೇ ಒಪ್ಪಿಸಿದರು: ಸಂವಿಧಾನದ 98ನೇ ತಿದ್ದುಪಡಿ, ಇಲ್ಲಿನ ಕಾಲೇಜುಗಳಲ್ಲಿ ಶೇ 70 ಸೀಟು. ತಪ್ಪೇನಿಲ್ಲ. ಆದರೆ ಕೈ ಬೀಸಿದ್ದೂ ಒಂದೇ ಥರ!

ಐದನೆಯವಳು ಪ್ರಥಮ ಪಿಯುಸಿ ಹುಡುಗಿ. ಎರಡನೇ ವಾಕ್ಯಕ್ಕೇ ಮರೆತು ನಿಂತಳು. ಹಿಂದೆ ಕೂತವರು ನಕ್ಕರು, ನಾನೂ ನಕ್ಕೆ. ಅವಳು ಚೀಟಿ ಮಡಚಿ, "ನಮ್ಮ ಆಪಾ ಸಿಇಟಿಗೆ ಹಾಕುವಾಗ ಈ ಸರ್ಟಿಫಿಕೇಟ್ ಬೇಕಂದ್ರು. ಅಬ್ಬಾ ಕೂಲಿ ಬಿಟ್ಟು ಸಿರಿಗೇರಿಯಿಂದ ಮೂರು ಸಲ ಬಳ್ಳಾರಿಗೆ ಅಲೆದ್ರು. ಯಾವ್ಯಾವ ಕಾಗದ ಬೇಕು ಅಂತ ನಮಗೆ ಮೊದಲೇ ಯಾರೂ ಹೇಳಿರಲಿಲ್ಲ" ಎಂದಳು. ಹಾಲ್ ಸುಮ್ಮನಾಯಿತು. ಅಷ್ಟರಲ್ಲಿ ಬೆಲ್ ಹೊಡೆಯಿತು.

ಬಹುಮಾನ ಬಾಯಿಪಾಠಕ್ಕೆ ಹೋಯಿತು. ಇದು ನನಗೆ ಸರಿ ಕಾಣಲಿಲ್ಲ. ಮುಂದಿನ ಸಲ ಭಾಷಣ ಮುಗಿದ ಮೇಲೆ ತೀರ್ಪುಗಾರರು ಒಂದಾದರೂ ಪ್ರಶ್ನೆ ಕೇಳಲಿ, ಉತ್ತರಕ್ಕೂ ಅಂಕ ಇರಲಿ ಎಂದು ಉಪನ್ಯಾಸಕರಲ್ಲಿ ವಿನಂತಿ. ಇನ್ನು ನಗುವ ನಮ್ಮಲ್ಲಿ ವೇದಿಕೆ ಹತ್ತಿದವರು ಎಷ್ಟು ಮಂದಿ? ನಾನಂತೂ ಹತ್ತಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ದ್ವಿತೀಯ ಪಿಯುಸಿಯವರು ನಾಲ್ಕೈದು ಮಂದಿ ಅವಳನ್ನು ಸುತ್ತುವರಿದು, ಆ ಕಾಗದಗಳ ಹೆಸರು ಬರೆದುಕೊಳ್ಳುತ್ತಿದ್ದರು. ನಾನೂ ಪೆನ್ನು ತೆಗೆದೆ.