ಎಣಿಸಿದರೆ ಸಾಲದು, ಭಾಗಿಸಬೇಕು

ಕಾಲ್ಚೆಂಡಿನ ಪಂದ್ಯವೊಂದು ಮುಗಿದೊಡನೆ ಅದರ ಅಂಕಿ-ಅಂಶಗಳ ಪಟ್ಟಿ ಹೊರಬೀಳುತ್ತದೆ. ಕಣಕ್ಕಿಳಿದ ಹನ್ನೊಂದು ಮಂದಿಯ ಹೆಸರು, ಅವರು ನಿಂತ ಸ್ಥಾನ, ಗೋಲಿನತ್ತ ಒದ್ದ ಹೊಡೆತಗಳು, ಚೆಂಡು ಯಾವ ತಂಡದ ವಶದಲ್ಲಿ ಎಷ್ಟು ಹೊತ್ತು ಇದ್ದಿತೆಂಬುದು, ಎಲ್ಲವೂ ಅದರಲ್ಲಿರುತ್ತವೆ. ಇಟಲಿಯ ಲೀಗ್ ಪಂದ್ಯದ ಪಟ್ಟಿಯನ್ನು ಚನ್ನಗಿರಿಯ ವಿದ್ಯಾರ್ಥಿಯೂ ಅದೇ ರಾತ್ರಿ ಓದಬಲ್ಲನು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಅಂಕಿಗಳಿಂದ ಸರಿಯಾದ ತೀರ್ಮಾನಕ್ಕೆ ಬರುವುದನ್ನು ನಾವು ಕಲಿತಿರುವೆವೇ? ಇಲ್ಲವೆಂಬುದೇ ನಮ್ಮ ಅಭಿಪ್ರಾಯ.

ಇದಕ್ಕೊಂದು ಪ್ರಸಿದ್ಧ ನಿದರ್ಶನವುಂಟು. ಇಂಗ್ಲೆಂಡಿನ ವಾಯುಪಡೆಯಲ್ಲಿದ್ದ ಚಾರ್ಲ್ಸ್ ರೀಪ್ ಎಂಬವರು 1950ರಿಂದ ಪಂದ್ಯಗಳನ್ನು ನೋಡುತ್ತ, ಒಂದೊಂದು ಪಾಸನ್ನೂ ಕಾಗದದ ಮೇಲೆ ಗುರುತು ಹಾಕತೊಡಗಿದರು. ಹೀಗೆ ಕೂಡಿಟ್ಟ ಲೆಕ್ಕಗಳನ್ನು ಬರ್ನಾರ್ಡ್ ಬೆಂಜಮಿನ್ ಅವರೊಡಗೂಡಿ 1968ರಲ್ಲಿ ಪ್ರಕಟಿಸಿದರು. ನೂರು ಗೋಲುಗಳಲ್ಲಿ ಸುಮಾರು 80 ಗೋಲುಗಳು ಮೂರು ಅಥವಾ ಅದಕ್ಕೂ ಕಡಮೆ ಪಾಸುಗಳ ಬಳಿಕ ಬಂದಿದ್ದುವು. ಆದುದರಿಂದ ಹೆಚ್ಚು ಪಾಸುಗಳು ವ್ಯರ್ಥ, ಚೆಂಡನ್ನು ಬೇಗನೆ ಮುಂದಕ್ಕೆ ಒದ್ದು ನುಗ್ಗುವುದೇ ಮೇಲು ಎಂದು ರೀಪ್ ವಾದಿಸಿದರು. ಆ ದೇಶದ ಕೆಲವು ತರಬೇತುದಾರರು ಅದನ್ನೇ ನಂಬಿ ಆಟ ಕಲಿಸಿದರು.

ಈ ತರ್ಕದ ದೋಷವನ್ನು ಚನ್ನಗಿರಿಯ ಅಡಿಕೆ ಬೆಳೆಗಾರರು ಕ್ಷಣಮಾತ್ರದಲ್ಲಿ ಹಿಡಿದಾರು. ಒಂದು ತೋಟದಿಂದ 16 ಮೂಟೆ, ಮತ್ತೊಂದರಿಂದ 4 ಮೂಟೆ ಅಡಿಕೆ ಬಂದಿತೆನ್ನಿ. ಮೊದಲನೆಯದೇ ಒಳ್ಳೆಯ ತೋಟವೆಂದು ಅವರು ಹೇಳುವುದಿಲ್ಲ, “ಮರಗಳೆಷ್ಟು?” ಎಂದು ಕೇಳುತ್ತಾರೆ. ಮೊದಲನೆಯದರಲ್ಲಿ 900 ಮರಗಳೂ ಎರಡನೆಯದರಲ್ಲಿ 100 ಮರಗಳೂ ಇದ್ದರೆ, ಮರವೊಂದರ ಫಸಲು ಎರಡನೆಯದರಲ್ಲಿಯೇ ಇಮ್ಮಡಿಗೂ ಮಿಗಿಲು.

ರೀಪ್ ಅವರ ಲೆಕ್ಕದಲ್ಲಿ ಮರೆಯಾಗಿದ್ದುದು ಈ ಮರಗಳ ಸಂಖ್ಯೆಯೇ. ಅವರು ಬರೆದಿಟ್ಟ ಆಟದ ಸರಣಿಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮೂರು ಪಾಸುಗಳೊಳಗೇ ಮುಗಿದಿದ್ದುವು. ತೊಂಬತ್ತಕ್ಕೂ ಮೀರಿದ ಪ್ರಯತ್ನಗಳಿಂದ ಎಂಬತ್ತು ಪಾಲು ಗೋಲು ಬಂದರೆ ಅದು ಗೆಲುವಿನ ಗುಟ್ಟಾದೀತೇ? ಮುಂದೆ ಹ್ಯೂಸ್ ಮತ್ತು ಫ್ರ್ಯಾಂಕ್ಸ್ ಎಂಬ ಸಂಶೋಧಕರು 1990 ಮತ್ತು 1994ರ ವಿಶ್ವಕಪ್ ಪಂದ್ಯಗಳನ್ನು ಪರೀಕ್ಷಿಸಿದರು. ಪ್ರಯತ್ನಗಳ ಸಂಖ್ಯೆಯಿಂದ ಗೋಲುಗಳನ್ನು ಭಾಗಿಸಿದಾಗ, ಯಶಸ್ವಿ ತಂಡಗಳಲ್ಲಿ ದೀರ್ಘ ಸರಣಿಗಳೇ ಹೆಚ್ಚು ಫಲ ಕೊಟ್ಟುದನ್ನು 2005ರಲ್ಲಿ ತೋರಿಸಿದರು. ಅಂಶವನ್ನು ಮಾತ್ರ ಕಂಡು ಛೇದವನ್ನು ಮರೆತರೆ ಭಿನ್ನರಾಶಿಗೆ ಅರ್ಥವಿಲ್ಲವೆಂಬುದು ಶಾಲೆಯ ಗಣಿತವೇ ಅಲ್ಲವೇ?

ಈ ತಪ್ಪು ದೂರದೇಶಕ್ಕೆ ಸೀಮಿತವೆಂದು ಭಾವಿಸಬೇಡಿ. ತಾಲ್ಲೂಕು ಮಟ್ಟದ ಕಬಡ್ಡಿಗೆ ಶಾಲೆಯ ತಂಡವನ್ನು ಆರಿಸುವಾಗ ಏನಾಗುತ್ತದೆ? ಒಬ್ಬ ಹುಡುಗ 30 ಬಾರಿ ದಾಳಿಗೆ ಹೋಗಿ 10 ಅಂಕ ತಂದನು, ಮತ್ತೊಬ್ಬನು 9 ಬಾರಿ ಹೋಗಿ 6 ತಂದನು ಎಂದಿಟ್ಟುಕೊಳ್ಳೋಣ. ಹತ್ತು ತಂದವನ ಹೆಸರು ಪಟ್ಟಿಗೇರುತ್ತದೆ. ಅವಕಾಶವೇ ದೊರೆಯದವನು ಗೆರೆಯಾಚೆ ನಿಂತು ನೋಡುತ್ತಾನೆ. ಇದು ಲೆಕ್ಕದ ತಪ್ಪು ಮಾತ್ರವಲ್ಲ, ಅನ್ಯಾಯವೂ ಹೌದು.

ಆದರೆ ಛೇದ ತೀರ ಚಿಕ್ಕದಾದರೂ ಮೋಸವುಂಟು. 2018-19ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ ಗೋವಾ ತಂಡದ ಕೋರೊ 16 ಗೋಲು ಹೊಡೆದು ಎಲ್ಲರಿಗಿಂತ ಮುಂದಿದ್ದರು. ಮುಂಬಯಿಯಲ್ಲಿ 2019ರ ಮಾರ್ಚ್ 17ರಂದು ನಡೆದ ಅಂತಿಮ ಪಂದ್ಯದಲ್ಲಿ ಅವರಿಗೆ ಒಂದೂ ಗೋಲು ದಕ್ಕಲಿಲ್ಲ. 117ನೆಯ ನಿಮಿಷದಲ್ಲಿ ರಾಹುಲ್ ಭೇಕೆ ಹೊಡೆದ ಒಂದೇ ಗೋಲಿನಿಂದ ಬೆಂಗಳೂರು ತಂಡ ಗೆದ್ದಿತು. ಅಂದಮಾತ್ರಕ್ಕೆ ಕೋರೊ ಕಳಪೆ ಆಟಗಾರರಾದಾರೇ? ಒಂದು ಪಂದ್ಯ ಒಬ್ಬನ ಯೋಗ್ಯತೆಯನ್ನು ಅಳೆಯಲಾರದು. ನಮ್ಮ ಹುಡುಗನ ಒಂಬತ್ತು ದಾಳಿಗಳೂ ಹಾಗೆಯೇ. ಅವನನ್ನು ಇನ್ನೂ ಇಪ್ಪತ್ತು ಬಾರಿ ಕಳುಹಿಸಿ ನೋಡುವುದೇ ನ್ಯಾಯ.

ಇದಕ್ಕೆ ಯಂತ್ರ ಬೇಡ, ಹಣ ಬೇಡ. ಪ್ರತಿ ಶಾಲೆಯ ಆಟದ ಬಯಲಿನಲ್ಲಿ ಒಂದು ನೋಟುಬುಕ್ಕಿರಲಿ. ಒಂದು ಸಾಲಿನಲ್ಲಿ ಪ್ರಯತ್ನ, ಇನ್ನೊಂದರಲ್ಲಿ ಫಲ ಬರೆಯಿರಿ. ತಿಂಗಳ ಕೊನೆಗೆ ಭಾಗಾಕಾರ ಮಾಡಿ, ಗಣಿತದ ಉಪಾಧ್ಯಾಯರಿಗೂ ಆಟದ ಉಪಾಧ್ಯಾಯರಿಗೂ ತೋರಿಸಿರಿ. ಗೆರೆಯಾಚೆ ನಿಂತವನೊಬ್ಬನು ಅದರಿಂದ ಒಳಗೆ ಬಂದರೂ ಆ ಪುಸ್ತಕ ಸಾರ್ಥಕ.