ಐದನೆಯ ಆಟೀನ್

ಅಮೆರಿಕದ ಇಸ್ಪೀಟು ಕ್ಲಬ್ಬುಗಳ ‘ಲಿಮಿಟ್ ಹೋಲ್ಡೆಮ್’ ಪೋಕರ್‌ನಲ್ಲಿ ಪ್ರತಿ ಸುತ್ತಿನ ಪಣ ಮೊದಲೇ ನಿಗದಿ. ಆಟಗಾರನ ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಮೂರು. ಐದರಲ್ಲಿ ನಾಲ್ಕು ಆಟೀನ್. ಇನ್ನೊಂದು ಬಂದರೆ ಹೆಚ್ಚುಕಡಿಮೆ ಗೆದ್ದಂತೆ.

ಕಾಣದ ಎಲೆ 47, ಅವುಗಳಲ್ಲಿ ಆಟೀನ್ 9. ಮುಂದಿನ ಎಲೆಯೇ ಆಟೀನ್ ಆಗುವ ಸಂಭವ ಶೇ. 19, ಬರಬೇಕಾದ ಎರಡೂ ಎಲೆ ಸೇರಿ ಶೇ. 35. ಪಣ ಕಟ್ಟಬೇಕೆ? ಮೇಜಿನಲ್ಲಿ 60 ಡಾಲರ್ ಇದ್ದು 10 ಕಟ್ಟುವುದಾದರೆ ಧಾರಾಳವಾಗಿ. ಕೊನೆಯ ಎಲೆಯೊಂದೇ ಬಾಕಿ, 40ಕ್ಕಾಗಿ 20 ಕಟ್ಟಬೇಕೆಂದರೆ ಎಲೆ ಕೆಳಗಿಡುವುದೇ ಜಾಣತನ.

‘ನಾಲ್ಕು ಆಟ ಬರಲಿಲ್ಲ, ಈ ಸಲ ಬಂದೇ ಬರುತ್ತದೆ’ ಎಂದು ಕಟ್ಟುವವರಿಂದಲೇ ಉಳಿದವರ ಜೇಬು ತುಂಬುವುದು. ಕಲಸಿದ ಎಲೆಗೆ ಹಿಂದಿನ ಆಟದ ನೆನಪೆಲ್ಲಿ? (ಲಾಟರಿ ಕೊಳ್ಳುವವರ ಭ್ರಮೆಯೂ ಇದೇ.)

ಶೇ. 35 ಹೇಗೆ ಬಂತು? 38/47 ಅನ್ನು 37/46ರಿಂದ ಗುಣಿಸಿ, 1ರಿಂದ ಕಳೆದು ನೋಡಿ.